ಮಗಳು ಮೈನೆರೆಯುವ ಕಾಲ: ತಾಯಂದಿರು ಅರಿತಿರತಕ್ಕ ಶರೀರಧರ್ಮ



ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಏಳನೆಯ ತರಗತಿಯ ಹುಡುಗಿಯೊಬ್ಬಳು ಗಣಿತದ ಪಾಠಕ್ಕೆ ಬಾರದೆ ಹೋದಳು. ಹುಡುಕಿಸಿ ನೋಡಲಾಗಿ, ಅವಳು ಬಚ್ಚಲಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಅಳುತ್ತ ಕುಳಿತಿದ್ದಳು. ಬಹಳ ಹೊತ್ತು ಸಮಾಧಾನಪಡಿಸಿದ ಮೇಲೆ, "ನನ್ನ ಹೊಟ್ಟೆಯೊಳಗೆ ಏನೋ ಒಡೆದುಹೋಗಿದೆ, ಟೀಚರ್. ಅಮ್ಮನಿಗೆ ಹೇಳಬೇಡಿ, ಅವರು ಹೆದರಿಕೊಳ್ಳುತ್ತಾರೆ" ಎಂದಳು. ಮನೆಗೆ ಹೇಳಿಕಳುಹಿಸಿ ತಾಯಿಯನ್ನು ಕರೆಸಿದೆವು. ಆಕೆ ಬಂದು ತಲೆತಗ್ಗಿಸಿ ನಿಂತು, "ನನಗೂ ಯಾರೂ ಹೇಳಿರಲಿಲ್ಲ, ಟೀಚರ್. ಯಾವ ಮಾತಿನಿಂದ ಹೇಳಬೇಕೆಂದೇ ತಿಳಿಯಲಿಲ್ಲ" ಎಂದರು. ಆಕೆಯೂ ಇದೇ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರು. ಹೂವಿನ ಅಂಗಗಳನ್ನೂ ಕಪ್ಪೆಯ ಹೃದಯವನ್ನೂ ಚಿತ್ರ ಬರೆದು ಗುರುತಿಸಲು ನಾವು ಆಕೆಗೆ ಕಲಿಸಿದ್ದೆವು. ಆಕೆಯ ಸ್ವಂತ ಶರೀರದ ವಿಷಯವನ್ನು ಮಾತ್ರ ಕಲಿಸಿರಲಿಲ್ಲ.

ಆ ಋಣವನ್ನು ತೀರಿಸುವುದಕ್ಕಾಗಿ ಈ ಲೇಖನವನ್ನು ಬರೆದಿರುವೆನು. ಇದರಲ್ಲಿ ನಾಚಿಕೊಳ್ಳತಕ್ಕ ವಿಷಯವು ಯಾವುದೂ ಇಲ್ಲ. ಕಣ್ಣು, ಕಿವಿ, ಹೃದಯಗಳ ಕೆಲಸವನ್ನು ಅರಿಯುವಂತೆಯೇ ಗರ್ಭಕೋಶದ ಕೆಲಸವನ್ನೂ ಅರಿಯುವುದು ಯುಕ್ತವು. ತಾಯಂದಿರು ಇದನ್ನು ಮೊದಲು ತಾವು ಓದಿ, ಅನಂತರ ಮಗಳ ವಯಸ್ಸಿಗೆ ತಕ್ಕಷ್ಟನ್ನು ಅವಳಿಗೆ ಹೇಳಬೇಕೆಂದು ನನ್ನ ಕೋರಿಕೆ.

೧. ಒಳಗಿನ ಅವಯವಗಳು

ಹೊಟ್ಟೆಯ ಕೆಳಭಾಗದಲ್ಲಿ, ಮೂತ್ರಕೋಶದ ಹಿಂದೆಯೂ ಮಲನಾಳದ ಮುಂದೆಯೂ ಗರ್ಭಕೋಶವಿರುವುದು. ತಲೆಕೆಳಗಾಗಿ ಹಿಡಿದ ಸಣ್ಣ ಬದನೆಕಾಯಿಯಂತೆ ಅದು ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾಗಿಯೂ ಇದ್ದು, ಬೆಳೆದ ಹೆಂಗಸಿನಲ್ಲಿ ಸುಮಾರು ೭ರಿಂದ ೮ ಸೆಂಟಿಮೀಟರ್ ಉದ್ದವಾಗಿರುತ್ತದೆ. ಅದರ ಗೋಡೆಯು ದಪ್ಪವಾದ ಮಾಂಸಖಂಡದಿಂದಾದದ್ದು. ಒಳಗಡೆ ಮೆತ್ತಗಿನ ಒಂದು ಪೊರೆಯ ಹಾಸು ಇರುತ್ತದೆ. ಕೆಳಗಿನ ಕಿರಿದಾದ ಭಾಗಕ್ಕೆ ಗರ್ಭಕಂಠವೆಂದು ಹೆಸರು. ಅದು ಯೋನಿಮಾರ್ಗದೊಳಗೆ ತೆರೆದುಕೊಳ್ಳುವುದು. ಗರ್ಭಕೋಶದ ಎರಡು ಪಕ್ಕಗಳಲ್ಲಿ ಬಾದಾಮಿಯ ಆಕಾರದ ಎರಡು ಅಂಡಾಶಯಗಳಿವೆ. ಅವುಗಳ ಬಳಿಯಿಂದ ಗರ್ಭಕೋಶಕ್ಕೆ ಸುಮಾರು ೧೦ ಸೆಂಟಿಮೀಟರ್ ಉದ್ದದ ಎರಡು ಅಂಡನಾಳಗಳು ಬರುತ್ತವೆ.

ಮೂತ್ರದ ದ್ವಾರ, ಯೋನಿಯ ದ್ವಾರ, ಮಲದ ದ್ವಾರ ಎಂಬ ಮೂರೂ ಬೇರೆ ಬೇರೆ ಎಂಬುದನ್ನು ಮದುವೆಯಾಗಿ ಮಕ್ಕಳಾದ ಹೆಂಗಸರಲ್ಲಿಯೂ ಕೆಲವರು ಅರಿಯರು. ಇದು ತಿಳಿಯದಿದ್ದರೆ ಶುಚಿತ್ವದ ಕ್ರಮವೂ ತಿಳಿಯದು. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯತಕ್ಕದ್ದು. ಹಿಂದಿನಿಂದ ಮುಂದಕ್ಕೆ ತೊಳೆದರೆ ಮಲದಲ್ಲಿರುವ ರೋಗಾಣುಗಳು ಮೂತ್ರನಾಳವನ್ನು ಸೇರಿ ಉರಿಯನ್ನೂ ಜ್ವರವನ್ನೂ ಉಂಟುಮಾಡುವುವು.

ಅಂಡಗಳ ಲೆಕ್ಕವು ಆಶ್ಚರ್ಯಕರವಾದುದು. ಹೆಣ್ಣು ಶಿಶುವು ತಾಯಿಯ ಗರ್ಭದಲ್ಲಿ ಐದು ತಿಂಗಳಿನದಾಗಿರುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು ೬೦ರಿಂದ ೭೦ ಲಕ್ಷ ಅಂಡಮೂಲಗಳಿರುತ್ತವೆ. ಹುಟ್ಟುವ ವೇಳೆಗೆ ಅವು ೧೦ರಿಂದ ೨೦ ಲಕ್ಷಕ್ಕೆ ಇಳಿದು, ಮೈನೆರೆಯುವ ಹೊತ್ತಿಗೆ ೩ರಿಂದ ೪ ಲಕ್ಷದಷ್ಟು ಉಳಿಯುವುವು. ಇವುಗಳಲ್ಲಿ ಇಡೀ ಆಯುಷ್ಯದಲ್ಲಿ ಪಕ್ವವಾಗಿ ಹೊರಬರುವವು ಸುಮಾರು ೪೦೦ ಮಾತ್ರ. ಹೀಗಿರಲು, ನಿಮ್ಮ ಮಗಳು ಯಾವ ಅಂಡದಿಂದ ಹುಟ್ಟಿದಳೋ ಅದರ ಮೂಲವು ನೀವು ನಿಮ್ಮ ತಾಯಿಯ ಗರ್ಭದಲ್ಲಿದ್ದಾಗಲೇ ರೂಪುಗೊಂಡಿತ್ತು. ಅಜ್ಜಿಯು ಮೊಮ್ಮಗಳನ್ನೂ ಒಂದು ವಿಧದಲ್ಲಿ ಹೊತ್ತವಳೇ ಸರಿ.

ಅಂಡವು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಚಿಕ್ಕದು. ೧೬೭೨ರಲ್ಲಿ ರೆಗ್ನಿಯರ್ ಡಿ ಗ್ರಾಫ್ ಎಂಬ ಡಚ್ಚ ವೈದ್ಯನು ಅಂಡಾಶಯದ ಮೇಲಿನ ಗುಳ್ಳೆಗಳನ್ನು ವರ್ಣಿಸಿದನು. ಆದರೆ ಅವುಗಳೊಳಗಿನ ನಿಜವಾದ ಅಂಡವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ಪಂಡಿತನು ನಾಯಿಯಲ್ಲಿ ಕಂಡು ಪ್ರಕಟಿಸಿದ್ದು ೧೮೨೭ರಲ್ಲಿ. ಪಂಡಿತರಿಗೇ ಇಷ್ಟು ತಡವಾಗಿ ತಿಳಿದ ವಿಷಯವನ್ನು ನಮ್ಮ ಅಜ್ಜಿಯರು ಅರಿಯದೆ ಹೋದರೆಂದು ಅವರನ್ನು ಹಳಿಯಲಾಗದು. ನಾವು ಅರಿಯದೆ ಉಳಿದರೆ ಮಾತ್ರ ತಪ್ಪು.

೨. ಶರೀರವು ಎಚ್ಚರಗೊಳ್ಳುವ ಕ್ರಮ

ಮೈನೆರೆಯುವ ಕಾರ್ಯವು ಹೊಟ್ಟೆಯಲ್ಲಿ ಆರಂಭವಾಗುವುದಿಲ್ಲ, ಮೆದುಳಿನಲ್ಲಿ ಆರಂಭವಾಗುವುದು. ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಭಾಗವಿದೆ. ಬಾಲ್ಯದಲ್ಲಿ ಸುಮ್ಮನಿದ್ದ ಈ ಭಾಗವು ಎಂಟು ಹತ್ತು ವರ್ಷಗಳಾದ ಮೇಲೆ, ಮೊದಲು ರಾತ್ರಿಯ ನಿದ್ರೆಯ ಕಾಲದಲ್ಲಿ, ಒಂದು ರಸವನ್ನು ಬಿಟ್ಟು ಬಿಟ್ಟು ಸ್ರವಿಸತೊಡಗುವುದು. ಅದು ಕೆಳಗಿರುವ ಪಿಟ್ಯುಯಿಟರಿ ಗ್ರಂಥಿಯನ್ನು ಪ್ರೇರಿಸುವುದು. ಆ ಗ್ರಂಥಿಯಿಂದ ಹೊರಟ ಎರಡು ಹಾರ್ಮೋನುಗಳು ರಕ್ತದ ಮೂಲಕ ಅಂಡಾಶಯಗಳನ್ನು ಸೇರಿ ಅವುಗಳನ್ನು ಕೆಲಸಕ್ಕೆ ಹಚ್ಚುವುವು. ಅಂಡಾಶಯಗಳು ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಕೊಡುತ್ತವೆ. ಹುಡುಗಿಯ ರೂಪವನ್ನು ಮಾರ್ಪಡಿಸುವುದು ಮುಖ್ಯವಾಗಿ ಇದೇ.

ಬದಲಾವಣೆಗಳು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಬರುತ್ತವೆ. ೮ರಿಂದ ೧೩ ವರ್ಷಗಳೊಳಗೆ ಎದೆಯಲ್ಲಿ ಸಣ್ಣ ಮೊಗ್ಗಿನಂಥ ಗಂಟು ಕಾಣಿಸಿಕೊಳ್ಳುವುದು. ಒಂದು ಪಕ್ಕದಲ್ಲಿ ಮೊದಲು ಬಂದು ಇನ್ನೊಂದು ಪಕ್ಕದಲ್ಲಿ ತಡವಾಗಿ ಬರುವುದೂ, ಮುಟ್ಟಿದರೆ ನೋಯುವುದೂ ಸಹಜ, ಹೆದರತಕ್ಕದ್ದಿಲ್ಲ. ಬಳಿಕ ಗುಹ್ಯಭಾಗದಲ್ಲಿಯೂ ಕಂಕುಳಲ್ಲಿಯೂ ಕೂದಲು ಹುಟ್ಟುವುದು. ಬೆವರಿನ ವಾಸನೆ ಬದಲಾಗುವುದು, ಮುಖದಲ್ಲಿ ಮೊಡವೆಗಳೇಳುವುವು. ಹುಡುಗಿಯು ನೋಡುತ್ತಿರುವಂತೆಯೇ ಎತ್ತರವಾಗುವಳು, ಸೊಂಟವು ಅಗಲವಾಗುವುದು. ಎದೆಯ ಬೆಳವಣಿಗೆಯು ಆರಂಭವಾಗಿ ಸುಮಾರು ಎರಡರಿಂದ ಎರಡೂವರೆ ವರ್ಷಗಳಾದ ಮೇಲೆ ಮೊದಲನೆಯ ಮುಟ್ಟು ಬರುವುದು. ತಾಯಂದಿರು ಈ ಲೆಕ್ಕವನ್ನು ನೆನಪಿನಲ್ಲಿಡತಕ್ಕದ್ದು. ಮಗಳ ರವಿಕೆಯ ಅಳತೆ ಬದಲಾದ ದಿನವೇ ನಿಮಗೆ ಸೂಚನೆಯು ಬಂದಂತೆ. ಮಾತನಾಡಲು ನಿಮಗೆ ಎರಡು ವರ್ಷಗಳ ಅವಕಾಶವಿದೆ.

೩. ಮಾಸಚಕ್ರವು ನಡೆಯುವ ರೀತಿ

ಮುಟ್ಟು ಎಂಬುದು ದೇಹದ ಕೆಟ್ಟ ರಕ್ತವು ಹೊರಹೋಗುವುದೆಂದು ಬಹು ಮಂದಿ ನಂಬಿದ್ದಾರೆ. ಇದು ಸರಿಯಲ್ಲ. ನಡೆಯುವ ಸಂಗತಿ ಹೀಗಿದೆ.

ಮುಟ್ಟಿನ ಮೊದಲನೆಯ ದಿನವನ್ನು ಒಂದನೆಯ ದಿನವೆಂದು ಎಣಿಸುವರು. ಆ ದಿನಗಳಲ್ಲಿಯೇ ಅಂಡಾಶಯದಲ್ಲಿ ಹೊಸ ಅಂಡವೊಂದು ತನ್ನ ಗುಳ್ಳೆಯೊಳಗೆ ಬೆಳೆಯಲಾರಂಭಿಸುವುದು. ಆ ಗುಳ್ಳೆಯಿಂದ ಹೊರಡುವ ಈಸ್ಟ್ರೋಜೆನ್ನಿನ ಪ್ರಭಾವದಿಂದ ಗರ್ಭಕೋಶದ ಒಳಪೊರೆಯು ದಿನೇ ದಿನೇ ದಪ್ಪವಾಗುವುದು. ೨೮ ದಿನಗಳ ಚಕ್ರದಲ್ಲಿ ಸುಮಾರು ೧೪ನೆಯ ದಿನ ಗುಳ್ಳೆಯು ಒಡೆದು ಅಂಡವು ಹೊರಬಿದ್ದು ಅಂಡನಾಳವನ್ನು ಸೇರುವುದು. ಬರಿದಾದ ಗುಳ್ಳೆಯು ಹಳದಿಯ ಬಣ್ಣದ ಚಿಕ್ಕ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟೆರೋನ್ ಎಂಬ ಎರಡನೆಯ ಹಾರ್ಮೋನನ್ನು ಕೊಡುವುದು. ಇದರಿಂದ ಒಳಪೊರೆಯು ರಕ್ತನಾಳಗಳಿಂದಲೂ ಪೋಷಕ ದ್ರವ್ಯದಿಂದಲೂ ತುಂಬಿ, ಬರಬಹುದಾದ ಅತಿಥಿಗೆ ಹಾಸಿದ ಹಾಸಿಗೆಯಂತೆ ಸಿದ್ಧವಾಗುವುದು.

ಹೊರಬಂದ ಅಂಡವು ೧೨ರಿಂದ ೨೪ ಗಂಟೆಗಳವರೆಗೆ ಮಾತ್ರ ಜೀವಂತವಾಗಿರುವುದು. ಪುರುಷನ ವೀರ್ಯಾಣುಗಳಾದರೋ ಸ್ತ್ರೀಶರೀರದೊಳಗೆ ೫ ದಿನಗಳವರೆಗೆ ಬದುಕಿರಬಲ್ಲವು. ದಂಪತಿಗಳ ಕೂಡುವಿಕೆಯಿಂದ ವೀರ್ಯಾಣುವೊಂದು ಅಂಡನಾಳದಲ್ಲಿ ಅಂಡವನ್ನು ಸೇರಿದರೆ ಹೊಸ ಜೀವದ ಮೊದಲ ಕಣವಾಗುವುದು. ಅದು ಮೆಲ್ಲನೆ ಗರ್ಭಕೋಶಕ್ಕೆ ಇಳಿದು, ಸುಮಾರು ಒಂದು ವಾರದ ಮೇಲೆ ಒಳಪೊರೆಯಲ್ಲಿ ನೆಲೆಗೊಳ್ಳುವುದು. ಹಾಗೆ ಆಗದಿದ್ದಲ್ಲಿ, ಹಳದಿಯ ಗ್ರಂಥಿಯು ಸುಮಾರು ಎರಡು ವಾರಗಳಲ್ಲಿ ಬಾಡಿ, ಹಾರ್ಮೋನುಗಳು ತಗ್ಗಿ, ಸಿದ್ಧಪಡಿಸಿದ ಪೊರೆಯು ಕಳಚಿಕೊಂಡು ರಕ್ತದೊಂದಿಗೆ ಹೊರಬರುವುದು. ಇದೇ ಮುಟ್ಟು. ಶಿಶುವನ್ನು ಪೋಷಿಸುವುದಕ್ಕಾಗಿ ಸಿದ್ಧವಾಗಿದ್ದ ಈ ರಕ್ತವನ್ನು ಮಲಿನವೆಂದು ಕರೆಯಲು ಕಾರಣವೇನಿದೆ?

ಮೊದಲ ಎರಡು ಮೂರು ವರ್ಷಗಳಲ್ಲಿ ಚಕ್ರವು ಕ್ರಮವಾಗಿರುವುದಿಲ್ಲ. ೨೧ ದಿನಗಳಿಗೊಮ್ಮೆ ಬಂದರೂ ೪೫ ದಿನಗಳಿಗೊಮ್ಮೆ ಬಂದರೂ ಆ ವಯಸ್ಸಿನಲ್ಲಿ ಸಹಜವೇ. ಮೆದುಳು, ಗ್ರಂಥಿ, ಅಂಡಾಶಯ ಈ ಮೂರೂ ಒಂದೇ ತಾಳಕ್ಕೆ ಬರಲು ಕಾಲ ಹಿಡಿಯುವುದು. ಹುಡುಗಿಯು ಒಂದು ಪಂಚಾಂಗದಲ್ಲಿ ಮುಟ್ಟಿನ ಮೊದಲ ದಿನವನ್ನು ಗುರುತಿಸುವ ಅಭ್ಯಾಸವಿಟ್ಟುಕೊಳ್ಳಲಿ. ಮುಂದೆ ವೈದ್ಯರ ಬಳಿಗೆ ಹೋಗಬೇಕಾದರೆ ಈ ಗುರುತು ಬಹಳ ಉಪಯೋಗಕ್ಕೆ ಬರುವುದು.

೪. ಆಹಾರ, ನೋವು, ಶುಚಿತ್ವ

ಒಂದು ಸಲದ ಮುಟ್ಟಿನಲ್ಲಿ ಸಾಮಾನ್ಯವಾಗಿ ೩೦ರಿಂದ ೪೦ ಮಿಲಿಲೀಟರ್ ರಕ್ತವು ಹೋಗುವುದು. ನೋಡುವುದಕ್ಕೆ ಹೆಚ್ಚೆಂದು ತೋರಿದರೂ ಇದು ಎರಡು ಮೂರು ದೊಡ್ಡ ಚಮಚಗಳಷ್ಟೇ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶವಿರುವುದರಿಂದ, ತಿಂಗಳಿಗೆ ೧೫ರಿಂದ ೨೦ ಮಿಲಿಗ್ರಾಂ ಕಬ್ಬಿಣಾಂಶವನ್ನು ಹುಡುಗಿಯು ಕಳೆದುಕೊಳ್ಳುವಳು. ಅದೇ ಕಾಲದಲ್ಲಿ ಅವಳು ಬೆಳೆಯುತ್ತಲೂ ಇರುವಳು. ಆದಕಾರಣ ನಷ್ಟವನ್ನು ಆಹಾರದಿಂದ ತುಂಬಿಕೊಡಲೇಬೇಕು. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ ೧೫ರಿಂದ ೧೯ ವರ್ಷಗಳ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆಯಿರುವುದಾಗಿ ಕಂಡುಬಂದಿತು. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಸೋಮಾರಿಯೆಂದು ಗದರಿಸುವ ಮೊದಲು ಅವಳ ಕಣ್ಣಿನ ಕೆಳರೆಪ್ಪೆಯ ಒಳಭಾಗವು ಬಿಳಿಚಿದೆಯೋ ಎಂದು ನಾವು ನೋಡತಕ್ಕದ್ದು.

ಮೈನೆರೆದ ಹುಡುಗಿಗೆ ಎಳ್ಳು ಬೆಲ್ಲದ ಚಿಗಳಿಯನ್ನೂ ಕೊಬ್ಬರಿ ಬೆಲ್ಲವನ್ನೂ ಕೊಡುವ ನಮ್ಮ ಹಿರಿಯರ ಪದ್ಧತಿಯು ಒಳ್ಳೆಯದೇ. ಆದರೆ ಅದು ಒಂದು ವಾರಕ್ಕೆ ಮುಗಿಯಬಾರದು. ರಾಗಿ, ಹುರುಳಿ, ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಮೊಳಕೆಯ ಕಾಳುಗಳನ್ನೂ, ತಿನ್ನುವ ಮನೆಗಳಲ್ಲಿ ಮೀನು, ಮಾಂಸ, ಮೊಟ್ಟೆಗಳನ್ನೂ ವರ್ಷವೆಲ್ಲ ಕೊಡತಕ್ಕದ್ದು. ಊಟದೊಂದಿಗೆ ನೆಲ್ಲಿಕಾಯಿಯೋ ನಿಂಬೆಯ ರಸವೋ ಇದ್ದರೆ ಕಬ್ಬಿಣಾಂಶವು ಚೆನ್ನಾಗಿ ಮೈಗೂಡುವುದು. ಊಟವಾದೊಡನೆ ಚಹಾ ಕಾಫಿ ಕುಡಿದರೆ ಅದು ಕುಂದುವುದು. ಮನೆಯಲ್ಲಿ ಮಗನಿಗೆ ಮೊದಲು ಬಡಿಸಿ ಉಳಿದುದನ್ನು ಮಗಳಿಗೆ ಕೊಡುವ ರೂಢಿಯಿದ್ದರೆ, ಅದನ್ನು ಇಂದೇ ಬಿಟ್ಟುಬಿಡಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಮಗಳು ನುಂಗುತ್ತಾಳೋ ಜೇಬಿನಲ್ಲಿಡುತ್ತಾಳೋ ಎಂದೂ ವಿಚಾರಿಸಿರಿ.

ಗರ್ಭಕೋಶದ ಪೊರೆಯಿಂದ ಹುಟ್ಟುವ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳು ಅದರ ಮಾಂಸಖಂಡವನ್ನು ಹಿಂಡುವುದರಿಂದ ಮುಟ್ಟಿನ ಹೊಟ್ಟೆನೋವು ಬರುವುದು. ಬಿಸಿನೀರಿನ ಚೀಲದಿಂದ ಕಾವು ಕೊಡುವುದು, ನಡೆದಾಡುವುದು, ವೈದ್ಯರು ಹೇಳಿದ ಗುಳಿಗೆಯನ್ನು ತೆಗೆದುಕೊಳ್ಳುವುದು ಇವುಗಳಿಂದ ಶಮನವಾಗುವುದು. "ಹೆಣ್ಣಾಗಿ ಹುಟ್ಟಿದ ಮೇಲೆ ಸಹಿಸಬೇಕು" ಎಂಬ ಮಾತನ್ನು ನೋವಿಗೆ ಔಷಧವಾಗಿ ಕೊಡಬೇಡಿರಿ. ಪ್ರತಿ ತಿಂಗಳೂ ಶಾಲೆಯನ್ನು ತಪ್ಪಿಸುವಷ್ಟು ನೋವಿದ್ದರೆ ಅದಕ್ಕೆ ಬೇರೆ ರೋಗವು ಕಾರಣವಾಗಿರಬಹುದು.

ಬಟ್ಟೆಯಾಗಲಿ ಅಂಗಡಿಯ ಪ್ಯಾಡಾಗಲಿ, ನಾಲ್ಕರಿಂದ ಆರು ಗಂಟೆಗಳಿಗೊಮ್ಮೆ ಬದಲಾಯಿಸತಕ್ಕದ್ದು. ಬಟ್ಟೆಯನ್ನು ತಣ್ಣೀರಿನಲ್ಲಿ ಸಾಬೂನು ಹಾಕಿ ಒಗೆದು ಬಿಸಿಲಿನಲ್ಲಿಯೇ ಒಣಗಿಸಬೇಕು. ಯಾರೂ ಕಾಣಬಾರದೆಂದು ಮಂಚದ ಕೆಳಗೂ ಬೇರೆ ಸೀರೆಯ ಅಡಿಯಲ್ಲಿಯೂ ಒಣಗಿಸಿದ ತೇವದ ಬಟ್ಟೆಯು ತುರಿಕೆಯನ್ನೂ ಹುಣ್ಣನ್ನೂ ತರುವುದು. ಕರ್ನಾಟಕ ಸರ್ಕಾರವು ೨೦೧೩-೧೪ರಲ್ಲಿ 'ಶುಚಿ' ಎಂಬ ಯೋಜನೆಯನ್ನು ಆರಂಭಿಸಿ ಹುಡುಗಿಯರಿಗೆ ಉಚಿತವಾಗಿ ಪ್ಯಾಡುಗಳನ್ನು ಹಂಚತೊಡಗಿದ್ದು ಸ್ತುತ್ಯವಾದ ಕಾರ್ಯ. ಆದರೆ ಅದನ್ನು ಬದಲಾಯಿಸಲು ನೀರೂ ಅಗಣಿಯುಳ್ಳ ಬಾಗಿಲೂ ಬೇಕು. ಇವಿಲ್ಲದ ಶಾಲೆಯಲ್ಲಿ ಪ್ಯಾಡಿನಿಂದ ಅರ್ಧ ಪ್ರಯೋಜನವಷ್ಟೇ.

ವೈದ್ಯರ ಬಳಿಗೆ ಹೋಗತಕ್ಕ ಸಂದರ್ಭಗಳು ಇವು: ಎಂಟು ವರ್ಷಗಳಿಗೆ ಮುಂಚೆಯೇ ಎದೆಯು ಬೆಳೆದರೆ; ೧೩ ವರ್ಷಗಳಾದರೂ ಯಾವ ಬೆಳವಣಿಗೆಯೂ ಕಾಣದಿದ್ದರೆ; ೧೫ ವರ್ಷಗಳಾದರೂ ಮುಟ್ಟು ಬಾರದಿದ್ದರೆ; ಏಳು ದಿನಗಳಿಗಿಂತ ಹೆಚ್ಚು ಕಾಲ ಸ್ರಾವವಾದರೆ; ಗಂಟೆಗೋ ಎರಡು ಗಂಟೆಗೋ ಒಂದು ಪ್ಯಾಡು ತೊಯ್ದುಹೋಗುತ್ತಿದ್ದರೆ; ಬಂದ ಮುಟ್ಟು ಮೂರು ತಿಂಗಳು ನಿಂತುಹೋದರೆ. ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯು ೯ರಿಂದ ೧೪ ವರ್ಷಗಳೊಳಗೆ ಹಾಕಿಸಿದರೆ ಬಹು ಫಲಕಾರಿ. ಅದನ್ನೂ ವೈದ್ಯರಲ್ಲಿ ವಿಚಾರಿಸಿರಿ.

೫. ಮೈಲಿಗೆಯ ವಿಚಾರ

ಮುಟ್ಟಾದವಳು ಉಪ್ಪಿನಕಾಯಿಯನ್ನು ಮುಟ್ಟಿದರೆ ಕೆಡುವುದೆಂದೂ ಹೂವಿನ ಗಿಡವು ಬಾಡುವುದೆಂದೂ ಹೇಳುವವರು ನಮ್ಮಲ್ಲಿ ಮಾತ್ರವಲ್ಲ, ಯೂರೋಪಿನಲ್ಲಿಯೂ ಇದ್ದರು. ೧೯೨೦ರಲ್ಲಿ ವಿಯೆನ್ನಾ ಪಟ್ಟಣದ ಬೇಲಾ ಶಿಕ್ ಎಂಬ ಪ್ರಸಿದ್ಧ ವೈದ್ಯನೇ, ಮುಟ್ಟಾದ ಸ್ತ್ರೀಯ ಕೈಯಲ್ಲಿ ಹೂವುಗಳು ಬಾಡಿದವೆಂದು ಕಂಡು, ಅವಳ ಶರೀರದಲ್ಲಿ ಒಂದು ವಿಷವಿರುವುದೆಂದು ಬರೆದನು. ಅನಂತರದ ಪರೀಕ್ಷೆಗಳಲ್ಲಿ ಈ ವಾದವು ನಿಲ್ಲಲಿಲ್ಲ. ಅಂಥ ವಿಷವು ಇಲ್ಲವೇ ಇಲ್ಲ. ಉಪ್ಪಿನಕಾಯಿಯು ಕೆಡುವುದು ತೇವದ ಸೌಟಿನಿಂದ.

ಈ ನಾಡಿನಲ್ಲಿಯೇ ಹನ್ನೆರಡನೆಯ ಶತಮಾನದಲ್ಲಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ರಜಸ್ಸಿನ ಸೂತಕವೂ ಒಂದು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯು ಮುಟ್ಟಿದಾಗ ಯೇಸುಸ್ವಾಮಿಯು ಸಿಟ್ಟಾಗದೆ ಅವಳನ್ನು ಮಗಳೇ ಎಂದು ಕರೆದ ಸಂಗತಿಯನ್ನು ನಮ್ಮ ಹುಡುಗಿಯರು ಅರಿತಿದ್ದಾರೆ. ಇಷ್ಟೆಲ್ಲ ಇದ್ದರೂ, ದೇವಾಲಯಕ್ಕಾಗಲಿ ಪ್ರಾರ್ಥನೆಗಾಗಲಿ ಬರಲಂಜುವ ಹುಡುಗಿಯರೂ, ಹೊರಗೆ ಚಾಪೆಯ ಮೇಲೆ ಮಲಗುವ ಹುಡುಗಿಯರೂ ಎಲ್ಲ ಮತಗಳ ಮನೆಗಳಲ್ಲಿ ಇದ್ದಾರೆ. ಹಿರಿಯರು ಆರತಿ ಎತ್ತಿ ಒಸಗೆ ಮಾಡಿದರೆ ಅದರಲ್ಲಿ ಸಂತೋಷದ ಅಂಶವುಂಟು. ಆದರೆ ಊರಿಗೆಲ್ಲ ಸಾರುವುದರಿಂದ ನಾಚಿ ಕುಗ್ಗುವ ಹುಡುಗಿಯ ಇಚ್ಛೆಯನ್ನೂ ಕೇಳಬೇಕು. ಶಾಲೆಯ ಒಂದು ದಿನವೂ ಅದಕ್ಕಾಗಿ ತಪ್ಪಬಾರದು.

೬. ಮದುವೆಯ ವಯಸ್ಸೂ ಗಂಡುಮಕ್ಕಳ ವಿಷಯವೂ

ಮೈನೆರೆದೊಡನೆ ಹುಡುಗಿಯು ತಾಯಿಯಾಗಲು ಯೋಗ್ಯಳಾದಳೆಂದು ಭಾವಿಸುವುದು ಅಪಾಯಕರ. ಮೊದಲ ಮುಟ್ಟಿನ ಮೇಲೂ ಅವಳು ಹಲವು ಸೆಂಟಿಮೀಟರ್ ಎತ್ತರ ಬೆಳೆಯುವಳು. ಹೆರಿಗೆಗೆ ದಾರಿಯಾಗಬೇಕಾದ ಸೊಂಟದ ಎಲುಬುಗಳು ಇನ್ನೂ ಕೆಲವು ವರ್ಷ ಬೆಳೆಯುತ್ತಲೇ ಇರುವುವು. ಹತ್ತೊಂಬತ್ತು ವರ್ಷಗಳೊಳಗಿನ ತಾಯಂದಿರಿಗೆ ಗರ್ಭಿಣಿಯರ ಸೆಳವೂ ಹೆರಿಗೆಯ ನಂಜೂ ಹೆಚ್ಚಾಗಿ ತಗಲುವುವು. ಅವರ ಶಿಶುಗಳು ತೂಕ ಕಡಮೆಯಾಗಿ ಹುಟ್ಟುವುವು. ೧೯೨೯ರ ಶಾರದಾ ಕಾಯಿದೆಯು ಹುಡುಗಿಯ ಮದುವೆಗೆ ೧೪ ವರ್ಷವೆಂದು ಗೊತ್ತುಮಾಡಿತ್ತು. ೧೯೭೮ರಲ್ಲಿ ಅದು ೧೮ ಆಯಿತು. ಕರ್ನಾಟಕದಲ್ಲಿ ೨೦೧೬ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಹತ್ತನೆಯ ತರಗತಿಯ ಹುಡುಗಿಯನ್ನು "ದೊಡ್ಡವಳಾದಳು" ಎಂದು ಶಾಲೆಯಿಂದ ಬಿಡಿಸಲು ಬರುವ ತಂದೆಗಳಿಗೆ ನಾನು ಈ ಎಲುಬಿನ ಮಾತನ್ನೇ ಮೊದಲು ಹೇಳುವೆನು, ಕಾಯಿದೆಯ ಮಾತನ್ನು ಅನಂತರ.

ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂಷಿಸುವವರಿಗೂ ಒಂದು ಮಾತು. ಅಂಡದಲ್ಲಿ ಯಾವಾಗಲೂ ಎಕ್ಸ್ ಎಂಬ ವರ್ಣತಂತುವೇ ಇರುವುದು. ವೀರ್ಯಾಣುಗಳಲ್ಲಿ ಕೆಲವಕ್ಕೆ ಎಕ್ಸ್, ಕೆಲವಕ್ಕೆ ವೈ ಇರುವುದು. ಎಕ್ಸ್ ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ಈ ತತ್ತ್ವವನ್ನು ೧೯೦೫ರಲ್ಲಿ ಹಿಟ್ಟಿನ ಹುಳುಗಳನ್ನು ಪರೀಕ್ಷಿಸಿ ತೋರಿಸಿದವಳು ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ಮಹಿಳೆ; ಆಕೆಯು ಮೊದಲು ಶಾಲೆಯ ಉಪಾಧ್ಯಾಯಿನಿಯಾಗಿದ್ದವಳೆಂದು ಹೇಳಲು ನನಗೆ ಹೆಮ್ಮೆಯಾಗುವುದು.

ಗಂಡುಮಕ್ಕಳಲ್ಲಿ ಇಂಥದೇ ಬದಲಾವಣೆಯು ೯ರಿಂದ ೧೪ ವರ್ಷಗಳೊಳಗೆ ಆರಂಭವಾಗುವುದು. ವೃಷಣಗಳು ಬೆಳೆದು ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನನ್ನು ಕೊಡುವುವು. ದನಿಯು ಒಡೆಯುವುದು, ಮೀಸೆ ಮೂಡುವುದು. ನಿದ್ರೆಯಲ್ಲಿ ವೀರ್ಯವು ಹೊರಬರುವುದು ಸಹಜ. ಅದರಿಂದ ಶಕ್ತಿಯು ನಷ್ಟವಾಗುವುದೆಂಬುದು ಸುಳ್ಳು. ಈ ಭಯವನ್ನು ಹುಟ್ಟಿಸಿ ಔಷಧವನ್ನು ಮಾರುವವರ ಕೈಗೆ ಹುಡುಗರು ಸಿಕ್ಕದಂತೆ ತಂದೆಯು ಮಗನಿಗೆ ಹೇಳತಕ್ಕದ್ದು. ಅಕ್ಕತಂಗಿಯರ ಮುಟ್ಟಿನ ವಿಷಯವನ್ನೂ ಹೇಳಬೇಕು. ಅರಿತ ಹುಡುಗನು ನಗುವುದಿಲ್ಲ.

೭. ಹೇಗೆ ಹೇಳಬೇಕು?

ಒಂಬತ್ತು ಹತ್ತು ವರ್ಷಗಳಲ್ಲಿಯೇ ಆರಂಭಿಸಿರಿ. ಒಂದು ದಿನ ಎದುರಿಗೆ ಕೂರಿಸಿಕೊಂಡು ಉಪನ್ಯಾಸ ಮಾಡುವುದಕ್ಕಿಂತ, ತಲೆ ಬಾಚುವಾಗಲೋ ಸೊಪ್ಪು ಬಿಡಿಸುವಾಗಲೋ ಸ್ವಲ್ಪ ಸ್ವಲ್ಪವಾಗಿ ಹೇಳುವುದು ಮೇಲು. "ಇನ್ನು ಒಂದೆರಡು ವರ್ಷಗಳಲ್ಲಿ ನಿನಗೂ ನನ್ನ ಹಾಗೆ ತಿಂಗಳಿಗೊಮ್ಮೆ ಸ್ವಲ್ಪ ರಕ್ತ ಬರುತ್ತದೆ. ಅದು ಗಾಯವಲ್ಲ, ಕಾಯಿಲೆಯಲ್ಲ. ಬಂದ ದಿನ ನನಗೆ ಹೇಳು, ಶಾಲೆಯಲ್ಲಾದರೆ ಟೀಚರಿಗೆ ಹೇಳು" ಎಂಬಷ್ಟು ಮಾತು ಸಾಕು. ಅವಯವಗಳನ್ನು ಸರಿಯಾದ ಹೆಸರಿನಿಂದ ಕರೆಯಿರಿ. ಮಗಳ ಪುಸ್ತಕದ ಚೀಲದಲ್ಲಿ ಒಂದು ಪ್ಯಾಡನ್ನೂ ಕಾಗದದ ಪೊಟ್ಟಣವನ್ನೂ ಮುಂಚಿತವಾಗಿಯೇ ಇಡಿರಿ. ತಾಯಿಯಿಲ್ಲದ ಮಗುವಿಗೆ ಅಜ್ಜಿಯೋ ಚಿಕ್ಕಮ್ಮನೋ ಅಥವಾ ತಂದೆಯೇ ಹೇಳಲಿ.

ಇದರೊಂದಿಗೆ ಇನ್ನೊಂದನ್ನೂ ಹೇಳಲು ಮರೆಯದಿರಿ. ಅವಳ ಶರೀರವು ಅವಳದು. ನೆಂಟನಾಗಲಿ ನೆರೆಯವನಾಗಲಿ ಗುರುವಾಗಲಿ ಅದನ್ನು ಅನುಚಿತವಾಗಿ ಮುಟ್ಟಿದರೆ ತಪ್ಪು ಅವಳದಲ್ಲ. ೨೦೧೨ರ ಪೋಕ್ಸೋ ಕಾಯಿದೆಯು ೧೮ ವರ್ಷಗಳೊಳಗಿನ ಎಲ್ಲ ಮಕ್ಕಳಿಗೂ ರಕ್ಷಣೆಯನ್ನು ಕೊಟ್ಟಿದೆ. ೧೦೯೮ ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಅವಳಿಗೆ ಬಾಯಿಪಾಠ ಮಾಡಿಸಿರಿ. ಮುಟ್ಟಿನ ವಿಷಯವನ್ನು ತಾಯಿಯೊಡನೆ ಮಾತನಾಡಿ ಅಭ್ಯಾಸವಿರುವ ಹುಡುಗಿಯು ಇಂಥ ಆಪತ್ತನ್ನೂ ಬಾಯಿಬಿಟ್ಟು ಹೇಳಬಲ್ಲಳು. ಆ ಮಾತಿಗೇ ನಾಚಿಕೆಯ ಬೀಗ ಹಾಕಿದ್ದರೆ ಇದನ್ನು ಯಾರಿಗೆ ಹೇಳಿಯಾಳು?

ಅಂದು ಬಚ್ಚಲಿನ ಕೋಣೆಯಲ್ಲಿ ಅತ್ತ ಹುಡುಗಿಯು ಮುಂದೆ ನಮ್ಮಲ್ಲಿಯೇ ಹತ್ತನೆಯ ತರಗತಿಯನ್ನು ಮುಗಿಸಿದಳು. ಆ ಕೊನೆಯ ವರ್ಷ, ಅವಳ ತಂಗಿಯು ಐದನೆಯ ತರಗತಿಯಲ್ಲಿದ್ದಳು. ಒಂದು ದಿನ ಆ ಚಿಕ್ಕವಳು ನನ್ನ ಕೋಣೆಗೆ ಬಂದು, "ಅಕ್ಕ ನನಗೆ ಎಲ್ಲಾ ಹೇಳಿದ್ದಾಳೆ, ಟೀಚರ್. ಅಮ್ಮನೂ ಪಕ್ಕದಲ್ಲೇ ಕೂತಿದ್ದರು" ಎಂದು ಹೇಳಿ ಓಡಿಹೋದಳು. ನಿಮ್ಮ ನಿಮ್ಮ ಮನೆಗಳಲ್ಲಿಯೂ ಈ ಮಾತು ಆರಂಭವಾಗಲೆಂದು ಹಾರೈಸುತ್ತೇನೆ.

ಮುಖ್ಯೋಪಾಧ್ಯಾಯಿನಿ